ಎಲ್ಲರನ್ನೂ ಮೆಚ್ಚಿದ ಟೂಲ್

ಪುಂಡರೀಕಾಕ್ಷನ ಟೂಲಿಗೆ ಕೆಲಸವನ್ನು ಒಮ್ಮೆ ತೋರಿಸಿದರೆ ಸಾಕು, ಉಳಿದದ್ದನ್ನು ತಾನೇ ಮಾಡುತ್ತಿತ್ತು. ಅನಾಹುತಕ್ಕೆ ಕಾರಣವೂ ಅದೇ.

ಠಾಣೆ ಪಕ್ಕದ ಐರೋಲಿಯ ಅವನ ಸಾಫ್ಟ್‌ವೇರ್ ಕಂಪನಿ ಡೊಂಬಿವಲಿಯ ಕನ್ನಡ ಸಮಾಜಕ್ಕೆ ವಧೂವರರ ವೆಬ್‌ಸೈಟ್ ಮಾಡಿಕೊಟ್ಟಿತ್ತು. ಸೈಟಿನ ಗುಂಡಿಗಳನ್ನು ಮನುಷ್ಯರ ಬದಲು ತಾನೇ ಒತ್ತಿ ಪರೀಕ್ಷಿಸುವ ಟೂಲೊಂದನ್ನು ಸಂಜೆಯೊಳಗೆ ಆರಿಸಬೇಕಿತ್ತು. ಪುಂಡರೀಕಾಕ್ಷ ತಂದದ್ದು ದುಬಾರಿಯದು. ಪಕ್ಕದ ಮೇಜಿನ ಪ್ರಿಯಂವದಾ ತಂದದ್ದು ಪುಕ್ಕಟೆಯದು, ಹೇಳಿದಷ್ಟನ್ನೇ ಮಾಡುವಂಥದ್ದು.

ಮೈಸೂರಿನ ಈ ಪ್ರಿಯಂವದಾಳನ್ನೇ ಮದುವೆಯಾಗಬೇಕೆಂದು ಅವನಿಗೆ ಬಹಳ ದಿನಗಳಿಂದ ಆಸೆ. ಕೇಳಲು ಬಾಯಿ ಬಂದಿರಲಿಲ್ಲ. ಅವಳ ತಾಯಿ ಮಗಳ ಹೆಸರನ್ನು ಆ ಸೈಟಿನಲ್ಲೇ ಹಾಕಿದ್ದು ಕಂಡಾಗ ಉಪಾಯ ಹೊಳೆಯಿತು. ತನ್ನ ನಿಜವಾದ ಹೆಸರು, ಫೋಟೊ, ವಿಳಾಸ ತುಂಬಿ, ಅವಳ ಚಿತ್ರದ ಕೆಳಗಿನ 'ಇಷ್ಟವಾಯಿತು' ಒತ್ತುವುದನ್ನು ಟೂಲಿಗೆ ತೋರಿಸಿದ. ಅವಳು ಒಪ್ಪಿದರೆ ಮದುವೆ, ಒಪ್ಪದಿದ್ದರೆ ಬರೀ ಟೆಸ್ಟಿಂಗ್ ಎನ್ನಬಹುದಿತ್ತು. ಇಷ್ಟು ಭದ್ರವಾಗಿ ಯಾರೂ ಪ್ರೇಮ ನಿವೇದಿಸಿರಲಾರರು ಎಂದುಕೊಂಡು ಚಹಾಕ್ಕೆ ಹೋದ.

ಮರಳುವಷ್ಟರಲ್ಲಿ ಟೂಲ್, ಮದುವೆ ಪಂಕ್ತಿಯಲ್ಲಿ ಸಾರು ಬಡಿಸುವವನಂತೆ, ಕಲ್ಯಾಣದಿಂದ ಠಾಣೆವರೆಗಿನ ಹುಡುಗಿಯರಿಗೆಲ್ಲ 'ಇಷ್ಟವಾಯಿತು' ಬಡಿಸಿಕೊಂಡು ಹೋಗಿತ್ತು.

ಮೊದಲ ಫೋನ್ ಸಮಾಜದ ಕಾರ್ಯದರ್ಶಿ, ಉಡುಪಿ ಕಡೆಯ ಹೋಟೆಲ್ ಮಾಲೀಕ ಧರ್ಮಪಾಲರದು.

"ಎಂತದು ಮಾರಾಯ್ರೆ, ಎಲ್ಲರೂ ಇಷ್ಟವಾ? ಆಯ್ತು. ಮುಂಬ್ರಾದ ಒಬ್ಬಳನ್ನು ಮಾತ್ರ ಬಿಟ್ಟದ್ದು ಯಾಕೆ? ಅವಳ ಅಪ್ಪ ಇಲ್ಲಿ ಬಂದು ಕೂತಿದ್ದಾರೆ."

ಪಂಕ್ತಿಯಲ್ಲಿ ಒಂದು ಎಲೆ ತಪ್ಪಿತ್ತು. ಅದೆಲ್ಲ ಯಂತ್ರದ ಕೆಲಸವೆಂದು ಪುಂಡರೀಕಾಕ್ಷ ವಿವರಿಸಿದ. ಹಾಗಾದರೆ ಜಾತಕ ಯಾರದ್ದು ನೋಡುವುದು, ನಿಮ್ಮದೋ ಯಂತ್ರದ್ದೋ ಎಂದು ಧರ್ಮಪಾಲರು ಕೇಳಿದರು.

ಅಷ್ಟರಲ್ಲಿ ಡೊಂಬಿವಲಿಯಿಂದ ಅಮ್ಮನ ಫೋನ್. ದಿವಾದ, ಕಲ್ಯಾಣದ ಹೆಣ್ಣಿನ ಕಡೆಯವರು ಮನೆಗೆ ಬಂದು ಕೂತಿದ್ದರು. ಪಕ್ಕದ ಮನೆಯ ಕುರ್ಚಿಗಳೂ ಮುಗಿದಿದ್ದವು. ಅವಲಕ್ಕಿ ಒಂದೇ ತಟ್ಟೆಯಷ್ಟಿದೆ, ಯಾವ ಬೀಗರಿಗೆ ಕೊಡಲಿ ಎಂಬುದು ಅವಳ ಪ್ರಶ್ನೆ.

ಅವನು ಸೈಟ್ ತೆರೆದ. ಉಳಿದವರೆಲ್ಲ 'ಮಾತಾಡೋಣ' ಎಂದಿದ್ದರು. ಪ್ರಿಯಂವದಾಳ ಹೆಸರಿನೆದುರು ಮಾತ್ರ 'ಆಸಕ್ತಿ ಇಲ್ಲ' ಎಂದಿತ್ತು. ಅವನು ಧೃತಿಗೆಡಲಿಲ್ಲ. ಅವಳ ಟೂಲ್ ಬೆಳಗಿನಿಂದ ಆ ಗುಂಡಿಯನ್ನೇ ಪರೀಕ್ಷಿಸುತ್ತಿತ್ತು. ಇದೂ ಅದರದೇ ಕೆಲಸವಿರಬೇಕು.

ಸಂಜೆ, ಹುಬ್ಬಳ್ಳಿ ಕಡೆಯ ಮ್ಯಾನೇಜರ್ ಮಹಾದೇವಪ್ಪ ಅವನನ್ನು ಕರೆಸಿ ತಮ್ಮ ಮೊಬೈಲ್ ತೋರಿಸಿದರು.

"ಏನ್ರೀ, ನಮ್ಮ ಮಗಳು ಗಗನಾ ಇಷ್ಟ ಅಂದ್ರಿ. ನನಗೂ ಖುಷಿ ಆತು. ಮುಂದಿನ ನಿಮಿಷಕ್ಕ ನನ್ನ ನಾದಿನೀನೂ ಇಷ್ಟ ಅಂದ್ರ ಹೆಂಗ್ರೀ?"

ಪುಕ್ಕಟೆ ಟೂಲೇ ಸಾಕೆಂದು ತೀರ್ಮಾನವಾಯಿತು. ಆ ಕೆಲಸಕ್ಕೆ ಪ್ರಿಯಂವದಾಳನ್ನೇ ಟೀಮ್ ಲೀಡ್ ಮಾಡಿದರು.

ಟೂಲ್ ಸೋತಿತ್ತು, ತಾನು ಸೋತಿಲ್ಲ ಎಂದುಕೊಳ್ಳುತ್ತ ಪುಂಡರೀಕಾಕ್ಷ ಐರೋಲಿ ಸ್ಟೇಷನ್‌ವರೆಗೆ ಅವಳ ಜೊತೆ ನಡೆದ. ಪ್ಲಾಟ್‌ಫಾರ್ಮಿನಲ್ಲಿ ಕೊನೆಗೂ ಬಾಯಿ ಬಂತು.

"ನಿಮ್ಮ ಟೂಲ್ ಭಾರಿ ಫಾಸ್ಟ್. ನಾನು ಇಷ್ಟ ಅಂದ ತಕ್ಷಣ 'ಆಸಕ್ತಿ ಇಲ್ಲ' ಅಂದುಬಿಡ್ತು."

"ಆಗ ನನ್ನ ಟೂಲ್ ಓಡ್ತಾನೇ ಇರ್ಲಿಲ್ಲ, ಪುಂಡರೀಕಾಕ್ಷ ಅವ್ರೇ," ಎಂದಳು ಪ್ರಿಯಂವದಾ. "ಅದನ್ನ ನಾನೇ ಕೈಯಾರೆ ಒತ್ತಿದ್ದು. ಎರಡು ಸಲ ಒತ್ತಿ ನೋಡ್ದೆ. ಗುಂಡಿ ಸರಿಯಾಗೇ ಇದೆ."