ಬಯೂಮಿಯ ಐದು ತಂತಿ

ಗೋಧಿ ತೌಡು ಮೆತ್ತಿದ ಮೀನು ಭಟ್ಟಿಯೊಳಗೆ ಸೀಯುವ ವಾಸನೆ ಮೂಗಿಗೆ ಬಡಿದರೆ ಸಾಕು, ಬಯೂಮಿಗೆ ಮತ್ತೆ ಏಳು ವರ್ಷವಾಗಿಬಿಡುತ್ತಿತ್ತು. ಅಪ್ಪನ ಕೈ ಹಿಡಿದು ಪೋರ್ಟ್ ಸೈದಿನ ಇದೇ ಭಟ್ಟಿಯ ಮುಂದೆ ನಿಲ್ಲುತ್ತಿದ್ದದ್ದು, ಮೀನು ಬೇಯುವ ತನಕ ಅಪ್ಪ ಹಲ್ವದ ಖಾಲಿ ಡಬ್ಬಿಗೆ ಕೋಲು ಕಟ್ಟಿ, ತಂತಿ ಬಿಗಿದು ಸಿಮ್ಸಿಮಿಯ್ಯಾ ಎಂಬ ತಂತಿವಾದ್ಯ ಮಾಡಿಕೊಡುತ್ತಿದ್ದದ್ದು, ಎಲ್ಲ ಆ ಹೊಗೆಯಲ್ಲಿ ಇತ್ತು. ಈಗ ಅವನಿಗೆ ಮೂವತ್ತಾರು. ನೆತ್ತಿಯ ಮೇಲೆ ಸಣ್ಣದೊಂದು ಬಯಲು ಬಿದ್ದಿತ್ತು. ಮದುವೆ ಇನ್ನೂ ಆಗಿರಲಿಲ್ಲ.

ಆ ಶುಕ್ರವಾರ ಮಧ್ಯಾಹ್ನ ಚಿಕ್ಕಮ್ಮ ಫೌಕಿಯಾ ಮೂರು ದಪ್ಪ ಬೂರಿ ಮೀನಿನ ತಟ್ಟೆಯನ್ನು ಅವನ ಕೈಗಿಟ್ಟು ಹೇಳಿದ್ದಳು:

"ನೋಡೋ, ಸಬ್ರೀನಳ ಅಪ್ಪ ಇವತ್ತು ಊಟಕ್ಕೆ ಬರ್ತಾರೆ. ಆದ್ರೆ ನೆಟ್ಟಗೆ ಮನೆಗೆ ಬರೋ ಆಸಾಮಿ ಅಲ್ಲ. ಮೊದ್ಲು ಬೀದೀಲಿ ಕೂತು ನಿನ್ನ ಬಗ್ಗೆ ವಿಚಾರಿಸ್ತಾರೆ. ಭಟ್ಟಿಗೆ ಮೀನು ತಗೊಂಡು ಹೋಗು, ಬೆಂದ ಮೀನು ತಗೊಂಡು ಬಾ. ನಡುವೆ ಏನೂ ಮಾಡ್ಬೇಡ."

ಹೆಣ್ಣಿನ ಕಡೆಯವರು ವಿಚಾರಿಸುವುದು ಹೊಸದೇನಲ್ಲ. ಕ್ಷೌರದಂಗಡಿ, ಭಟ್ಟಿ, ಕಾಫಿ ಅಂಗಡಿ ಎಲ್ಲ ಸುತ್ತಿ, ಹುಡುಗನ ಗುಣ ಅಳೆದ ಮೇಲೇ ಅವರು ಮನೆ ಹತ್ತುವುದು. ಸಬ್ರೀನ್ ಟೀಚರು. ದಿನಾ ಬೆಳಿಗ್ಗೆ ಅವನು ಹತ್ತುವ ದೋಣಿಯಲ್ಲೇ ಕಾಲುವೆ ದಾಟುತ್ತಿದ್ದಳು. ಬಯೂಮಿ ವರ್ಷಗಳಿಂದ ಅವಳಿಗೆ ಸೀಟು ಬಿಟ್ಟುಕೊಡುತ್ತಿದ್ದ. "ಕೂತ್ಕೊಳ್ಳಿ" ಎನ್ನುವುದರಾಚೆ ಅವನ ನಾಲಿಗೆ ಹೊರಳಿರಲಿಲ್ಲ. ಅವಳ ಅಪ್ಪನ ಮುಖವನ್ನಂತೂ ನೋಡಿಯೇ ಇರಲಿಲ್ಲ.

ಭಟ್ಟಿಯ ಶಹಾತಾ ತಟ್ಟೆಯನ್ನು ಒಳಗೆ ತಳ್ಳಿದ. "ಒಂದು ಗಂಟೆ ಆಗುತ್ತೆ. ಅಲ್ಲೀವರೆಗೂ ಈ ಪಿಶಾಚಿಗಳನ್ನ ಸುಮ್ಮನಿರಿಸು ಮಾರಾಯ, ತಲೆ ಸಿಡೀತಿದೆ."

ಪಿಶಾಚಿಗಳು ಎದುರಿನ ಬಯಲಿನಲ್ಲಿ ತುಪ್ಪದ ಡಬ್ಬಿಗಳನ್ನು ಕಲ್ಲಿನಿಂದ ಬಡಿಯುತ್ತಿದ್ದವು. ಅವರ ನಾಯಕಿ ನುಸ್ಸಾ, ಎಂಟು ವರ್ಷದವಳು, ಮುಂದಿನ ಎರಡು ಹಲ್ಲಿಲ್ಲ.

"ಇದೂ ಒಂದು ಸಂಗೀತಾನಾ?" ಎಂದ ಬಯೂಮಿ.

"ನಿಂಗೆ ಬರುತ್ತಾ ಮತ್ತೆ?" ನುಸ್ಸಾ ಸೊಂಟಕ್ಕೆ ಕೈಯಿಟ್ಟಳು.

ಚಿಕ್ಕಮ್ಮನ ಬುದ್ಧಿಮಾತು ಕಾದ ಕಾವಲಿಯ ಮೇಲಿನ ನೀರಿನ ಹನಿಯಂತೆ ಚುಂಯ್ ಎಂದು ಆರಿಹೋಯಿತು.

"ಒಂದು ಬೋಗುಣಿ, ಒಂದು ಉದ್ದ ಕೋಲು, ಚಹಾ ಪೆಟ್ಟಿಗೆಯ ತೆಳು ಹಲಗೆ, ಹಳೇ ಟ್ಯೂಬು. ಯಾರಿಗೂ ಬೇಡದ್ದು ಮಾತ್ರ ತರ್ಬೇಕು, ತಿಳೀತಾ?"

ತಿಳಿಯಿತೆಂದು ಎಲ್ಲರೂ ತಲೆಯಾಡಿಸಿ ಓಡಿದರು. ಬಯೂಮಿ ಕೈಯ ಧೂಳು ಕೊಡವುವಷ್ಟರಲ್ಲಿ ಎಲ್ಲವೂ ಬಂದು ಬಿದ್ದಿತ್ತು. ಅವನು ಬೋಗುಣಿಯ ಬಾಯಿಗೆ ಹಲಗೆ ಮುಚ್ಚಿ ಟ್ಯೂಬಿನ ಪಟ್ಟಿಯಿಂದ ಬಿಗಿದ. ಕೋಲನ್ನು ಮೂರು ತುಂಡು ಮಾಡಿ, ಎರಡನ್ನು ಕೊಂಬಿನಂತೆ ನಿಲ್ಲಿಸಿ, ಮೂರನೆಯದನ್ನು ಮೇಲೆ ಅಡ್ಡ ಕಟ್ಟಿದ.

ಆಗಲೇ ಅವನ ಕಿವಿಗೆ ಮಾತೊಂದು ಬಿತ್ತು.

"ಆ ಹುಡುಗ ಯಾರಪ್ಪ? ಮದುವೆ ಆಗಿದೆಯಾ? ಸ್ವಭಾವ ಹೇಗೆ?"

ಭಟ್ಟಿಯ ಬೆಂಚಿನ ಮೇಲೆ ಇಸ್ತ್ರಿ ಮಾಡಿದ ಬಿಳಿ ನಿಲುವಂಗಿಯ ಹಿರಿಯರೊಬ್ಬರು ಜಪಮಾಲೆ ಎಣಿಸುತ್ತ ಶಹಾತಾನನ್ನು ಕೇಳುತ್ತಿದ್ದರು. ಬಯೂಮಿಯ ಎದೆ ಬುಟ್ಟಿಗೆ ಬಿದ್ದ ಮೀನಿನಂತೆ ಹೊರಳಿತು. ಬಂದೇಬಿಟ್ಟರು! ಅವನು ಬೆನ್ನು ನೆಟ್ಟಗೆ ಮಾಡಿಕೊಂಡ.

ಅಷ್ಟರಲ್ಲಿ ಪಕ್ಕದ ಮನೆಯ ನೆಲಮಹಡಿಯಿಂದ ಉಮ್ಮ್ ಗಾಬಿರ್ ಹೊರಗೆ ನುಗ್ಗಿದಳು. "ಅಯ್ಯೋ ನಿನ್ನ ಮನೆ ಹಾಳಾಗ! ನನ್ನ ಬೋಗುಣಿ! ಅಡುಗೆ ತೋಡೋಕೆ ಅಂತ ಮನೆಯೆಲ್ಲಾ ಹುಡುಕ್ತಿದ್ದೀನಿ, ಇದಿಲ್ಲಿ ಕೊಂಬು ಮೂಡಿಸ್ಕೊಂಡು ಕೂತಿದೆ!"

ಬೇರೆ ದಿನವಾಗಿದ್ದರೆ ಬಯೂಮಿ ಓಡಿಹೋಗುತ್ತಿದ್ದ. ಇವತ್ತು ಬೆಂಚಿನ ಕಡೆಗೆ ಕೇಳುವಂತೆ ಜೇನು ಸುರಿಸಿದ. "ಅಮ್ಮಾ, ಮಕ್ಕಳ ಸಂತೋಷಕ್ಕಿಂತ ಬೋಗುಣಿ ದೊಡ್ಡದಾ? ಇವತ್ತು ಅದು ಹಾಡುತ್ತೆ ನೋಡಿ. ನಾನೇ ತೊಳೆದು ತಂದುಕೊಡ್ತೀನಿ."

"ಹಾಡೋ ಬೋಗುಣಿ ಇಟ್ಕೊಂಡು ನಾನೇನು ತೌರಿಗೆ ಹೋಗ್ಲಾ?" ಎಂದಳಾದರೂ ಅದನ್ನು ಕಿತ್ತುಕೊಳ್ಳಲಿಲ್ಲ. ಹೋಗುವಾಗ ಬಗ್ಗಿ, ಒಂದು ಮಗುವಿನ ಬಿಚ್ಚಿದ್ದ ಚಪ್ಪಲಿ ಪಟ್ಟಿ ಸಿಕ್ಕಿಸಿ ಹೋದಳು.

ಮುಂದಿನ ಸರದಿ ಕ್ಷೌರಿಕ ಹಮಾಮಾನದು. ಕೈಯಲ್ಲಿ ಕತ್ತಿ. ಅವನ ಬೆನ್ನ ಹಿಂದೆ, ಏನು ಗಲಾಟೆಯೆಂದು ಇಣುಕುತ್ತಿದ್ದ ಗಿರಾಕಿಯ ಮುಖವೆಲ್ಲ ಸೋಪಿನ ನೊರೆ. ಎರಡು ಕಣ್ಣು ಮಾತ್ರ ಕಾಣುತ್ತಿದ್ದವು.

"ಬಯೂಮಿ! ಈಗಷ್ಟೇ ನಿನ್ನನ್ನ ಹೊಗಳಿ ನಾಲಿಗೆ ಒಣಗಿಲ್ಲ, ನನ್ನ ಪೊರಕೆ ಕೋಲನ್ನೇ ಮೂರು ತುಂಡು ಮಾಡಿದ್ದೀಯಲ್ಲೋ!"

"ಹಮಾಮಾ ಅಣ್ಣಾ, ಒಂದು ಹೋದ್ರೆ ಎರಡು ಪೊರಕೆ ಕೊಡಿಸ್ತೀನಿ. ನನ್ನದು ಅಂತ ಏನಿದೆ ಹೇಳಿ, ಎಲ್ಲ ನಿಮ್ಮದೇ."

ಹಮಾಮಾ ಎತ್ತಿದ್ದ ಕತ್ತಿಯನ್ನು ಕೆಳಗಿಳಿಸಿದ. ಬಿಳಿ ನಿಲುವಂಗಿಯವರು "ವಾಹ್" ಎಂದು ತಲೆದೂಗಿದರು. ನೊರೆಯ ಮುಖ ಸದ್ದಿಲ್ಲದೆ ಒಳಗೆ ಸರಿಯಿತು.

"ತಂತಿ ಎಲ್ಲಿ?" ನುಸ್ಸಾ ಕೇಳಿದಳು.

ತಂತಿಗೆ ಸೈಕಲಿನ ಬ್ರೇಕ್ ವೈರಿಗಿಂತ ಒಳ್ಳೆಯದಿಲ್ಲ. ಬಿಚ್ಚಿ ಎಳೆ ಎಳೆ ಮಾಡಿದರೆ ಉಕ್ಕಿನ ತಂತಿ. ಬಯೂಮಿ ಸುತ್ತ ನೋಡಿದ. ಕ್ಷೌರದಂಗಡಿಯ ಗೋಡೆಗೆ ತುಕ್ಕು ಹಿಡಿದ ಸೈಕಲೊಂದು ಒರಗಿತ್ತು.

"ಅದ್ಯಾರ್ದೋ ಏನೋ ಮಾಮ," ಎಂದಳು ನುಸ್ಸಾ.

"ಯಾರದ್ದೂ ಅಲ್ಲ. ವರ್ಷಗಳಿಂದ ಅಲ್ಲೇ ಕೊಳೀತಾ ಬಿದ್ದಿದೆ. ಬಿಚ್ಚಿ!" ದೊಡ್ಡವರ ಎದುರು ಗಂಡಸು ತಡವರಿಸಬಾರದು ನೋಡಿ.

ಐದು ತಂತಿ ಬಿಗಿಯಾದವು. ಬಯೂಮಿ ಮೀಟಿದ. ಬೋಗುಣಿ ಮೊದಲು ಕೆಮ್ಮಿತು, ಆಮೇಲೆ ನಿಜಕ್ಕೂ ಹಾಡಿತು. ಮಕ್ಕಳು ಡಬ್ಬಿ ಬಡಿಯುವುದನ್ನು ಬಿಟ್ಟು ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಿದರು. ನುಸ್ಸಾ ಕುಣಿದಳು. ಶಹಾತಾ ಕೂಡ ಸಲಿಕೆಯ ಮೇಲೆ ಬೆರಳಾಡಿಸಿದ.

"ಭಲೇ!" ಎಂದರು ಹಿರಿಯರು. ಮೂಗರಳಿಸಿ, "ಮೀನು ಬೆಂದ ಹಾಗಿದೆಯಲ್ಲ ಮಗಾ?"

ಮನೆವರೆಗೆ ಅವರನ್ನೇಕೆ ನಡೆಸಬೇಕು? ಬಯೂಮಿ ತಟ್ಟೆಯನ್ನು ಬೆಂಚಿನ ಮೇಲೇ ಇಟ್ಟು, ಬಿಸಿ ರೊಟ್ಟಿ ತಂದು, ನಿಂಬೆ ಹಿಂಡಿ, ಮುಳ್ಳು ತೆಗೆದುಕೊಟ್ಟ. ಹಿರಿಯರು ಒಂದು ಮೀನಿಗೆ ಸಂಬಳ ಕೇಳಿದರು, ಎರಡನೆಯದಕ್ಕೆ ಮನೆಯಲ್ಲಿ ಎಷ್ಟು ಕೋಣೆ ಎಂದು ಕೇಳಿದರು, ಮೂರನೆಯದನ್ನು ಮೌನವಾಗಿ ಮುಗಿಸಿದರು. ತಲೆಗಳನ್ನು ಕಾಗದದಲ್ಲಿ ಸುತ್ತಿಕೊಂಡು ಎದ್ದರು.

"ನಿನ್ನಂಥವನಿಗೆ ಯಾವ ತಂದೆ ಇಲ್ಲ ಅಂತಾನೆ ಮಗಾ?" ಎಂದು ನೆತ್ತಿಯ ಬಯಲು ಸವರಿ ಹೊರಟುಹೋದರು.

ಬಯೂಮಿ ಉಬ್ಬಿದ ರೊಟ್ಟಿಯಂತೆ ನಿಂತಿದ್ದ. ಆಗ ಕ್ಷೌರದಂಗಡಿಯ ಕಡೆಯಿಂದ "ಸರೀರಿ! ಸರೀರಿ!" ಎಂಬ ಕೂಗು ಕೇಳಿತು. ನುಣ್ಣಗೆ ಕ್ಷೌರವಾಗಿದ್ದ ಮುದುಕರೊಬ್ಬರು ತುಕ್ಕು ಸೈಕಲಿನ ಮೇಲೆ ಬಾಣದಂತೆ ಬಂದು, ಶಹಾತಾ ಆರಲು ಇಟ್ಟಿದ್ದ ರೊಟ್ಟಿಗಳ ಮರದ ತಟ್ಟಿಯೊಳಗೆ ನುಗ್ಗಿದರು. ರೊಟ್ಟಿಗಳು ಚಕ್ರಗಳಂತೆ ಬೀದಿಯುದ್ದ ಉರುಳಿದವು. ಒಂದು ಮಾತ್ರ ಮುದುಕರ ತಲೆಯ ಮೇಲೆ ಟೋಪಿಯಾಗಿ ಕೂತಿತು.

ನುಸ್ಸಾ ಓಡಿಹೋಗಿ ಸಿಮ್ಸಿಮಿಯ್ಯಾ ಎತ್ತಿ ತೋರಿಸಿದಳು. "ತಾತಾ, ನಿಮ್ಮ ಬ್ರೇಕು ಇಲ್ಲಿದೆ! ಬಯೂಮಿ ಮಾಮಾನೇ ಬಿಚ್ಚಿ ಅಂದಿದ್ದು."

ಮುದುಕರು ರೊಟ್ಟಿ ತೆಗೆದು ಪಕ್ಕಕ್ಕಿಟ್ಟರು. "ನಾನು ಮತವಲ್ಲಿ. ಸಬ್ರೀನಳ ಅಪ್ಪ. ಮೀನೂಟಕ್ಕೆ ಕರೆದಿದ್ರು."

ಬಯೂಮಿಯ ಬಾಯಿ ಭಟ್ಟಿಯಷ್ಟು ತೆರೆಯಿತು. "ಅಲ್ಲ... ಆ ಸೈಕಲ್ ವರ್ಷಗಳಿಂದ..."

"ಆ ಹಳೇದನ್ನ ಗುಜರಿಯೋನು ಹೋದ ವಾರಾನೇ ಒಯ್ದ," ಎಂದ ಶಹಾತಾ, ರೊಟ್ಟಿ ಆಯುತ್ತ.

"ಮತ್ತೆ ಆ ಬಿಳಿ ನಿಲುವಂಗಿಯವರು?"

"ಅವರಾ? ಶುಕ್ರವಾರ ಬಂದ್ರೆ ಒಂದೊಂದು ಭಟ್ಟೀಲಿ ಕೂತು, ಮದುವೆ ಆಗ್ದಿರೋ ಹುಡುಗ ಯಾರು ಅಂತ ವಿಚಾರಿಸ್ತಾರೆ. ಒಂದು ವಾರಾನೂ ಉಪವಾಸ ಹೋಗಿದ್ದಿಲ್ಲ."

"ಅವರ ಮಗಳು?"

"ಮಗಳೆಲ್ಲಿ ಬಂದ್ಳು? ಮನೇಲಿ ಎರಡು ಬೆಕ್ಕಿವೆ."

"ಮೊದ್ಲೇ ಹೇಳ್ಬಾರ್ದಿತ್ತಾ!"

"ನೀನು ಮುಳ್ಳು ಬಿಡಿಸಿ ತಿನ್ನಿಸ್ತಿದ್ದೆ. ನೆಂಟರಿರ್ಬೇಕು ಅನ್ಕೊಂಡೆ."

ಮತವಲ್ಲಿಯವರು ಖಾಲಿ ತಟ್ಟೆಯನ್ನು ನೋಡಿದರು. ಬೆಂಚಿನ ಮೇಲೆ ಕೂತು, ನುಸ್ಸಾಳ ಕೈಯಿಂದ ಸಿಮ್ಸಿಮಿಯ್ಯಾ ತೆಗೆದುಕೊಂಡು ಮೀಟಿದರು.

"ಮೂರನೇ ತಂತಿ ಸಡಿಲ."

"ಹೌದು ಹಾಜಿಯವರೇ," ಎಂದ ಬಯೂಮಿ ನೆಲ ನೋಡುತ್ತ.

"ಕ್ಷೌರದೋನು ನಿನ್ನನ್ನ ಬಾಯ್ತುಂಬ ಹೊಗಳಿದ. ಒಪ್ಪಿಗೆ ಹೇಳೋಣ ಅಂತಲೇ ಎದ್ದೆ. ಆದ್ರೆ ಸೈಕಲ್ ಬೇರೆ ಥರ ಹೇಳ್ತು. ಮುಂದಿನ ಶುಕ್ರವಾರ ಬಂದು ಮೊದಲಿಂದ ವಿಚಾರಿಸ್ತೀನಿ." ಸ್ವಲ್ಪ ತಡೆದು ಸೇರಿಸಿದರು, "ನಡ್ಕೊಂಡು ಬರ್ತೀನಿ."

ಅಷ್ಟರಲ್ಲಿ ಯಾರದೋ ಹೊಟ್ಟೆ ಗುರ್ ಎಂದಿತು. ಇಬ್ಬರದೂ ಇರಬಹುದು.

ಉಮ್ಮ್ ಗಾಬಿರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಂದು ಕೈ ಚಾಚಿದಳು. ನುಸ್ಸಾ ಒಂದೊಂದೇ ತಂತಿ ಬಿಚ್ಚಿ ಮತವಲ್ಲಿಯವರ ಮಡಿಲಿಗೆ ಹಾಕಿದಳು, ಹಲಗೆ ತೆಗೆದಳು, ಬೋಗುಣಿ ಒಪ್ಪಿಸಿದಳು. ಉಮ್ಮ್ ಗಾಬಿರ್ ಅದನ್ನು ಒಳಗೆ ಒಯ್ದಳು, ನೀರಿನ ಸದ್ದು, ಸೌಟಿನ ಸದ್ದು ಕೇಳಿತು. ಮತ್ತೆ ಹೊರಬಂದಾಗ ಬೋಗುಣಿ ತುಂಬ ಬೇಳೆ ಅನ್ನ, ಮೇಲೆ ಕೆಂಪಗೆ ಹುರಿದ ಈರುಳ್ಳಿ, ಎರಡು ಚಮಚ. ಅದನ್ನು ಬಯೂಮಿಯ ಕೈಗಿಟ್ಟಳು, ಮೊದಲು ಅವರಿಗೆ ಎನ್ನುವಂತೆ ಮತವಲ್ಲಿಯವರ ಕಡೆ ಗದ್ದ ಆಡಿಸಿದಳು, ಒಳಗೆ ಹೋದಳು.