ಕೆಟ್ಟ ಕಾಯಿಯ ಗೆಲುವು

ನಮ್ಮ ಭಾವನವರು ಜೀವಮಾನದಲ್ಲಿ ಕಾಲಿನಿಂದ ಒದ್ದ ದುಂಡನೆಯ ವಸ್ತು ಒಂದೇ. ಆಯುಧಪೂಜೆಯ ದಿನ ಕಾರಿನ ಚಕ್ರದ ಕೆಳಗಿಟ್ಟಿದ್ದ ನಿಂಬೆಹಣ್ಣು. ಅದನ್ನೂ ಬೇಕೆಂದು ಒದ್ದದ್ದಲ್ಲ, ಎಡವಿದ್ದು! ಇಂಥವರು ಎಪ್ಪತ್ತರ ದಶಕದ ಒಂದು ಚಳಿಗಾಲದಲ್ಲಿ ನ್ಯೂಜರ್ಸಿಯ ಒಂದು ಕಾಲೇಜಿನ ಫುಟ್‌ಬಾಲ್ ತಂಡವನ್ನು ತಮ್ಮ ತಪೋಬಲದಿಂದ ವಾರವಾರವೂ ಗೆಲ್ಲಿಸಿದರು ಎಂದರೆ ನೀವು ನಂಬುತ್ತೀರಾ? ನಂಬಬೇಡಿ. ಭಾವ ನಂಬಿದ್ದರು, ಅಷ್ಟೇ ಸಾಕಿತ್ತು. ನನ್ನ ಮದುವೆಗೆ ಕುತ್ತು ಬಂದದ್ದೂ ಅದರಿಂದಲೇ.

ಭಾವ ಎಂದರೆ ನಮ್ಮ ಅಕ್ಕನ ಗಂಡ. ಪೇಂಟ್ ತಯಾರಿಸುವ ಒಂದು ಕಂಪನಿಯ ಲ್ಯಾಬಿನಲ್ಲಿ ಕೆಮಿಸ್ಟ್. ನಾನು ಎಂ.ಎಸ್. ಓದಲು ಬಂದವನು, ಓದು ಮುಗಿದು ಕೆಲಸ ಸಿಕ್ಕ ಮೇಲೂ ಅವರ ಮನೆಯ ಬೇಸ್‌ಮೆಂಟಿನಲ್ಲೇ ಬಿಡಾರ ಹೂಡಿದ್ದೆ. ಆ ಕಾಲೇಜಿನಲ್ಲಿ ಭಾವ ಓದಿದವರಲ್ಲ, ಪಾಠ ಹೇಳಿದವರಲ್ಲ, ಅದರ ಲೈಬ್ರರಿಯ ಮೆಟ್ಟಿಲನ್ನೂ ಹತ್ತಿದವರಲ್ಲ. ಆದರೂ ಮಾತೆತ್ತಿದರೆ "ನಮ್ಮ ಹುಡುಗರು"! ನಮ್ಮವರು ಯಾರಾದರೂ "ನೀವು ಅಲ್ಲಿ ಯಾವ ಬ್ಯಾಚು ಸಾರ್?" ಎಂದು ಕೇಳಿದರೆ ಮುಖ ಗಂಟಿಕ್ಕುತ್ತಿದ್ದರು. "ರಾಮನ ಭಕ್ತರೆಲ್ಲ ಅಯೋಧ್ಯೇಲೇ ಹುಟ್ಟಿರಬೇಕೇನ್ರೀ?"

ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಈ ಅಮೆರಿಕನ್ ಫುಟ್‌ಬಾಲಿನ ನಿಯಮವನ್ನು ಅಕ್ಕನಿಗೆ ಕಲಿಸಲು ಅವರು ಒಮ್ಮೆ ಊಟದ ಮೇಜಿನ ಮೇಲೆ ಬೆಂಡೆಕಾಯಿಗಳನ್ನು ಎರಡು ಸಾಲು ಜೋಡಿಸಿದ್ದರು. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಆಗದಿದ್ದರೆ ಚೆಂಡು ಎದುರಾಳಿಗೆ.

"ಅಷ್ಟೊಂದು ಜನ ಒಬ್ಬರ ಮೇಲೊಬ್ಬರು ಬಿದ್ದು, ಎದ್ದು, ಹೋಗೋದು ಹತ್ತೇ ಗಜಾನಾ?" ಎಂದಳು ಅಕ್ಕ.

"ಹೂಂ."

"ನಮ್ಮ ಮೈಸೂರಲ್ಲಿ ಸಿಟಿ ಬಸ್ ಹತ್ತೋ ಹೆಂಗಸರು ಒಂದೇ ಪ್ರಯತ್ನಕ್ಕೆ ಹೋಗ್ತಾರೆ" ಎಂದು ಹೇಳಿ, ಎರಡು ತಂಡಗಳನ್ನೂ ಕೊಚ್ಚಿ ಪಲ್ಯ ಮಾಡಿದಳು.

ಆ ವರ್ಷ ಮಾತ್ರ ವಿಚಿತ್ರ ನಡೆಯಿತು. ಮೊದಲನೆಯ ಪಂದ್ಯದ ದಿನ ಭಾವ ಸ್ಟೇಡಿಯಮ್ಮಿನ ಪಾರ್ಕಿಂಗ್ ಜಾಗದಲ್ಲಿ, ಪಕ್ಕದ ಮನೆಯ ಫ್ರ್ಯಾಂಕ್ ಸಾಕ್ಷಿಯಾಗಿ, ಒಂದು ತೆಂಗಿನಕಾಯಿ ಒಡೆದರು. ಫ್ರ್ಯಾಂಕ್ ರಿಟೈರಾದ ಬಸ್ ಡ್ರೈವರ್. ಭಾವನಿಗೆ ಸ್ಟೇಡಿಯಮ್ಮಿನಲ್ಲಿ ವರ್ಷಾನುಗಟ್ಟಲೆ ಪಕ್ಕದ ಸೀಟಿನವನು. ಸುತ್ತಲಿನವರು ಕಾರಿನ ಡಿಕ್ಕಿ ತೆರೆದು ಸಾಸೇಜು ಸುಡುತ್ತಿದ್ದರೆ ಇವರದು ಪುಳಿಯೋಗರೆ, ಮೊಸರನ್ನ, ಈಡುಗಾಯಿ. ಆ ಸೂಪರ್‌ಮಾರ್ಕೆಟ್ಟಿನ ಕಾಯಿ ಯಾವ ದ್ವೀಪದಿಂದ ಯಾವ ಕಾಲದಲ್ಲಿ ಹೊರಟಿತ್ತೋ, ಒಡೆದರೆ ಒಳಗೆಲ್ಲ ಕೊಳೆತು ನಾರುತ್ತಿತ್ತು! ಭಾವನ ಮುಖ ಕಪ್ಪಿಟ್ಟಿತು. ಆದರೆ ಅಂದು ಗೆಲ್ಲುವ ನಿರೀಕ್ಷೆಯೇ ಇಲ್ಲದ ನಮ್ಮ ಹುಡುಗರು ಗೆದ್ದುಬಿಟ್ಟರು.

ಬೇರೆಯವರಾಗಿದ್ದರೆ ತಂಡ ಚೆನ್ನಾಗಿ ಆಡಿತು ಎನ್ನುತ್ತಿದ್ದರು. ಭಾವ ವಿಜ್ಞಾನಿಯಲ್ಲವೇ, ಕಾರಣ ಹುಡುಕಿದರು.

"ಕೆಟ್ಟ ಕಾಯಿ ಅಂದ್ರೆ ಏನರ್ಥ? ಇದ್ದಬದ್ದ ದೃಷ್ಟಿಯೆಲ್ಲ ಕಾಯಿಗೆ ಹೋಯ್ತು ಅಂತ. ಹುಡುಗರು ಪಾರಾದರು."

ಅಂದಿನಿಂದ ಶುರುವಾಯಿತು ನೋಡಿ ಕೆಟ್ಟ ಕಾಯಿಯ ಬೇಟೆ! ಲೋಕದ ಜನ ಅಂಗಡಿಯಲ್ಲಿ ಕಾಯಿ ಅಲ್ಲಾಡಿಸಿ, ನೀರು ಗುಳುಗುಳು ಎಂದರೆ ಕೊಳ್ಳುತ್ತಾರೆ. ಭಾವ ಗುಳುಗುಳು ಎಂದದ್ದನ್ನು ಅಸಹ್ಯಪಟ್ಟು ಕೆಳಗಿಡುತ್ತಿದ್ದರು. ಸದ್ದಿಲ್ಲದ್ದನ್ನು ಮೂಸಿ, ಕಣ್ಣುಮುಚ್ಚಿ, ಸಂಗೀತ ವಿದ್ವಾಂಸರ ಹಾಗೆ ತಲೆದೂಗುತ್ತಿದ್ದರು. ಸೂಪರ್‌ಮಾರ್ಕೆಟ್ಟಿನ ಮ್ಯಾನೇಜರ್ ಒಮ್ಮೆ ಪಾಪ, "ಸಾರ್, ಅದು ಹಳೇದು, ಬೇರೆ ಕೊಡ್ತೀನಿ" ಎಂದ. "ಇದಕ್ಕಿಂತ ಹಳೇದಿದ್ಯಾ?" ಎಂದರು ಭಾವ. ಅವನು ಮುಂದೆಂದೂ ಇವರ ಕಡೆಗೆ ಬೆನ್ನು ತಿರುಗಿಸಲಿಲ್ಲ.

ಶನಿವಾರ ಕೆಟ್ಟ ಕಾಯಿ, ಶನಿವಾರ ಗೆಲುವು. ವಾರದ ಮೇಲೆ ವಾರ ಉರುಳಿತು, ತಂಡ ಸೋಲಲೇ ಇಲ್ಲ. ಇನ್ನು ಭಾನುವಾರ ಬೆಳಗ್ಗೆ ನಮ್ಮ ಮನೆಯಲ್ಲಿ ಪಂಚಾಯಿತಿ. ಭಾವ, ಫ್ರ್ಯಾಂಕ್, ನಡುವೆ ನಾಲ್ಕು ಪತ್ರಿಕೆ, ಅಕ್ಕನ ಉಪ್ಪಿಟ್ಟು. ನಿನ್ನೆ ಯಾರು ಗೆದ್ದರು, ಯಾರು ಸೋತರು, ಯಾರು ಸೋತಿದ್ದರೆ ನಮಗೆ ಒಳ್ಳೆಯದಾಗುತ್ತಿತ್ತು ಎಂಬ ವಿಚಾರಣೆ. ಕಂಡು ಕೇಳರಿಯದ ಟೆಕ್ಸಾಸಿನ ಯಾವುದೋ ಹುಡುಗ ಚೆಂಡು ಕೈಬಿಟ್ಟ ಎಂದು ಇಲ್ಲಿ ಇಬ್ಬರು ಮಧ್ಯವಯಸ್ಕರು ಕೈಕುಲುಕುತ್ತಿದ್ದರು. ಇದೆಲ್ಲ ಏತಕ್ಕೆ? ಬೌಲಿಗೆ!

ಬೌಲ್ ಎಂದರೆ ವರ್ಷದ ಪಂದ್ಯಗಳೆಲ್ಲ ಮುಗಿದ ಮೇಲೆ ನಡೆಯುವ ಉತ್ಸವದ ಪಂದ್ಯ. ಹಲವು ಊರುಗಳಲ್ಲಿ ಹಲವು ಬೌಲ್. ಒಳ್ಳೆಯ ತಂಡಗಳನ್ನು ಮಾತ್ರ ಆಹ್ವಾನಿಸುತ್ತಾರೆ, ಬಿಸಿಲಿರುವ ಊರಿಗೆ. ನಮ್ಮ ತಂಡವನ್ನು ಯಾರೂ ಯಾವತ್ತೂ ಆಹ್ವಾನಿಸಿರಲಿಲ್ಲ. ಈ ವರ್ಷ ಬೌಲ್ ಸಮಿತಿಯವರು ಬಣ್ಣಬಣ್ಣದ ಕೋಟು ತೊಟ್ಟು ಪಂದ್ಯ ನೋಡಲು ಬಂದಿದ್ದರು.

"ಅವರ ಮುಖ ನೋಡಿದ್ಯಾ?" ಎಂದು ಭಾವ ನನ್ನನ್ನು ಕೇಳಿದರು. "ಥೇಟ್ ಹೆಣ್ಣು ನೋಡೋಕೆ ಬಂದೋರೇ. ಕೇಸರಿಬಾತು ಬೋಂಡ ಎಲ್ಲ ತಿಂದು, ಊರಿಗೆ ಹೋಗಿ ಕಾಗದ ಹಾಕ್ತೀವಿ ಅಂತಾರಲ್ಲ, ಆ ನಗು!"

ಫ್ರ್ಯಾಂಕ್ ಉಪ್ಪಿಟ್ಟಿನ ಮೆಣಸಿನಕಾಯಿ ಆರಿಸಿ ಪಕ್ಕಕ್ಕಿಡುತ್ತ, "ನಮ್ಮನ್ನ ಯಾರೂ ಕರೆಯಲ್ಲ, ಡಾಕ್" ಎಂದ. ಪಿಎಚ್‌ಡಿ ಮಾಡಿದವರೆಲ್ಲ ಅವನಿಗೆ ಡಾಕ್.

ನವೆಂಬರಿನಲ್ಲಿ ಕನ್ನಡ ಸಂಘದ ರಾಜ್ಯೋತ್ಸವ ಶನಿವಾರವೇ ಬರಬೇಕೆ? ಒಂದು ಶಾಲೆಯ ಕೆಫೆಟೇರಿಯಾ, ಹೊರಗೆ ಕೊರೆಯುವ ಚಳಿ, ಒಳಗೆ ಬಿಸಿಬೇಳೆಬಾತು ಆರುತ್ತಿದೆ, ವೇದಿಕೆಯ ಮೇಲೆ ಅಧ್ಯಕ್ಷರ ಭಾಷಣ. ಅಂದಿನ ಪಂದ್ಯ ದೂರದ ಊರಿನಲ್ಲಾದ್ದರಿಂದ ಭಾವ ಮಫ್ಲರಿನೊಳಗೆ ಟ್ರಾನ್ಸಿಸ್ಟರಿನ ತಂತಿ ಕಿವಿಗೆ ಸಿಕ್ಕಿಸಿಕೊಂಡು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಅಧ್ಯಕ್ಷರು "ನಾವು ಎಲ್ಲೇ ಇದ್ದರೂ ಕನ್ನಡಮ್ಮನ ಮಕ್ಕಳು" ಎಂದದ್ದೂ ಭಾವ ಎದ್ದು ನಿಂತು "ಭಲೇ!" ಎಂದು ಚಪ್ಪಾಳೆ ತಟ್ಟಿದ್ದೂ ಒಂದೇ ಗಳಿಗೆ. ಅಧ್ಯಕ್ಷರಿಗೆ ಜನ್ಮದಲ್ಲಿ ಯಾರೂ ಚಪ್ಪಾಳೆ ತಟ್ಟಿದವರಿರಲಿಲ್ಲ. ಮಡಿಸಿಟ್ಟಿದ್ದ ಭಾಷಣದ ಕಾಗದವನ್ನು ಮತ್ತೆ ಬಿಡಿಸಿದರು. ಇನ್ನೂ ಅರ್ಧ ಗಂಟೆ ಮಾತಾಡಿದರು. ಅಂದು ತಣ್ಣಗಾದ ಬಾತನ್ನು ತಿಂದ ನೂರಾರು ಕನ್ನಡಿಗರ ಶಾಪ ಭಾವನಿಗೆ ತಟ್ಟಲಿಲ್ಲ. ಕಾಯಿಗೆ ಹೋಗಿರಬೇಕು!

ಇಲ್ಲಿಯವರೆಗೆ ನಾನೂ ನಗುತ್ತಲೇ ಇದ್ದೆ. ನಗು ನಿಂತದ್ದು ಆ ವರ್ಷದ ಬೌಲಿನ ತಾರೀಖು ತಿಳಿದ ದಿನ. ನಮ್ಮ ತಂಡಕ್ಕೆ ಒಲಿಯಬಹುದಾದ ಒಂದೇ ಒಂದು ಬೌಲ್ ಇದ್ದದ್ದು ಡಿಸೆಂಬರಿನ ಎರಡನೆಯ ಶನಿವಾರ. ನನ್ನ ಮದುವೆ ಮೈಸೂರಿನಲ್ಲಿ, ಅದರ ಮರುದಿನ ಭಾನುವಾರ! ನಮ್ಮ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದರು. ಹಸೆಯ ಮೇಲೆ ಅವರ ಜಾಗದಲ್ಲಿ ಕೂರಬೇಕಾದವರು ಅಕ್ಕ ಮತ್ತು ಭಾವ. ಮೂವರಿಗೂ ವಿಮಾನದ ಟಿಕೆಟ್ ಆಗಿತ್ತು.

"ಮುಹೂರ್ತ ಒಂದು ವಾರ ಮುಂದಕ್ಕೆ ಹಾಕಿದ್ರೆ ಹೇಗೆ?" ಎಂದು ಭಾವ ಸಕ್ಕರೆಗಿಂತ ಸಿಹಿಯಾಗಿ ಕೇಳಿದರು.

"ಒಂದು ವಾರ ಹೋದ್ರೆ ಧನುರ್ಮಾಸ. ಆಮೇಲೆ ಸಂಕ್ರಾಂತಿವರೆಗೂ ಮದುವೆ ಇಲ್ಲ. ಇವನಿಗೆ ರಜಾನೂ ಇಲ್ಲ. ನಿಮ್ಮ ಬೌಲೇ ಮುಂದಕ್ಕೆ ಹಾಕ್ಸಿ" ಎಂದಳು ಅಕ್ಕ.

"ಅದು ನನ್ನ ಕೈಲಿದ್ಯೇನೇ?"

"ಗೆಲ್ಸೋದು ಮಾತ್ರ ನಿಮ್ಮ ಕೈಲಿದೆ, ಅಲ್ವಾ?"

ನಮ್ಮ ಮನೆಯ ದೇವರಕೋಣೆ ಎಂದರೆ ಟವೆಲ್ಲು ಇಡುವ ಕಪಾಟು. ಅದರೊಳಗಿದ್ದದ್ದು ಒಬ್ಬನೇ ಆಂಜನೇಯ. ಬೆಳಗ್ಗೆ ಆರಕ್ಕೆ ಭಾವ ಹೋಗಿ ಉಳಿದ ಎರಡು ಪಂದ್ಯ ಗೆಲ್ಲಿಸು ಎನ್ನುತ್ತಿದ್ದರು. ಆರೂವರೆಗೆ ಅಕ್ಕ ಹೋಗಿ ಒಂದಾದರೂ ಸೋಲಿಸು ಎನ್ನುತ್ತಿದ್ದಳು. ಸಮುದ್ರ ದಾಟಿದ್ದಕ್ಕಾಗಿ ಆಂಜನೇಯ ಮೊದಲ ಸಲ ಪಶ್ಚಾತ್ತಾಪಪಟ್ಟದ್ದು ಆ ತಿಂಗಳಿನಲ್ಲೇ ಇರಬೇಕು.

ತಡೆಯಲಾರದೆ ನಾನೊಮ್ಮೆ ಕೇಳಿಯೇಬಿಟ್ಟೆ. "ಭಾವ, ಆ ತಂಡಕ್ಕೂ ನಿಮಗೂ ಏನು ಸಂಬಂಧ?"

ಅವರು ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ನಿಮ್ಮಕ್ಕ ಬರೋಕ್ಮುಂಚೆ ಎರಡು ವರ್ಷ ಒಬ್ಬನೇ ಇದ್ನಲ್ಲ. ಶುಕ್ರವಾರ ಸಂಜೆ ಲ್ಯಾಬಲ್ಲಿ ಗುಡ್‌ನೈಟ್ ಅಂದ್ರೆ ಸೋಮವಾರದವರೆಗೂ ಬಾಯಿ ತೆಗೆಯೋ ಪ್ರಮೇಯ ಇರ್ಲಿಲ್ಲ. ಒಂದ್ ಶನಿವಾರ ಜನ ಎಲ್ಲ ಒಂದೇ ಕಡೆ ಹೋಗ್ತಿದ್ರು, ನಾನೂ ಹೋದೆ. ಏನೋ ಆಯ್ತು, ಪಕ್ಕದೋನು ನನ್ನ ತಬ್ಬಿಕೊಂಡ. ಫ್ರ್ಯಾಂಕು. ಅಷ್ಟೇ." ಪುಟ ತಿರುಗಿಸಿದರು. "ಉಪ್ಪಿಟ್ಟಿಗೆ ಉಪ್ಪು ಕಮ್ಮಿ."

ಇಷ್ಟು ಕೇಳಿಯೂ ನನ್ನ ಮನಸ್ಸು ಕರಗಲಿಲ್ಲ. ಮದುವೆ ನನ್ನದು ತಾನೆ! ಕೊನೆಯ ಪಂದ್ಯಕ್ಕೆಂದು ಭಾವ ಒಂದು ಕಾಯಿಯನ್ನು ಹದಿನೈದು ದಿನ ಮುಂಚೆಯೇ ಆರಿಸಿ, ಖಾತ್ರಿಯಾಗಲಿ ಎಂದು ಹೀಟರಿನ ಮೇಲಿಟ್ಟು ಕೊಳೆಸುತ್ತಿದ್ದರು. ಹಿಂದಿನ ದಿನ ನಾನು ಅದನ್ನು ತೆಗೆದು, ಅದೇ ಗಾತ್ರದ ಗುಳುಗುಳು ಕಾಯಿ ಇಟ್ಟುಬಿಟ್ಟೆ. ಕೆಟ್ಟದ್ದನ್ನು ಬೇಸ್‌ಮೆಂಟಿನ ನನ್ನ ಟ್ರಂಕಿನೊಳಗೆ ಬಚ್ಚಿಟ್ಟೆ. ಎಂ.ಎಸ್. ಪದವೀಧರ! ಕಾಯಿಯ ಮಹಿಮೆಯನ್ನು ನಂಬದವನು! ನಂಬದಿದ್ದರೆ ಬದಲಾಯಿಸಿದ್ದೇಕೆ ಎಂದು ಕೇಳುತ್ತೀರಾ? ದಯವಿಟ್ಟು ಕೇಳಬೇಡಿ.

ಶನಿವಾರ ಪಾರ್ಕಿಂಗ್ ಜಾಗದ ಕಲ್ಲಿನ ಅಂಚಿಗೆ ಭಾವ ಕಾಯಿ ಅಪ್ಪಳಿಸಿದರು. ತಿಳಿನೀರು ಅವರ ಶೂಗಳ ಮೇಲೆ ಚಿಮ್ಮಿತು. ಒಳಗೆ ಬೆಳ್ಳಗೆ, ಮಲ್ಲಿಗೆ ಹೂವಿನ ಹಾಗೆ! ಭಾವ ಹೋಳುಗಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ದೂರದಲ್ಲಿ ಹೋಗುತ್ತಿದ್ದ ಬ್ಯಾಂಡಿನವರನ್ನು ನೋಡಿದೆ. ಫ್ರ್ಯಾಂಕ್ ಮಾತ್ರ ಒಂದು ಚೂರು ಬಾಯಿಗೆ ಹಾಕಿಕೊಂಡು, "ಡಾಕ್, ಇದು ತಿನ್ನೋ ವಸ್ತು ಅಂತ ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದ.

ಅರ್ಧ ಆಟ ಮುಗಿದಾಗ ನಮ್ಮ ಹುಡುಗರು ಸೋಲುತ್ತಿದ್ದರು. ಭಾವ ಕೂಗಲಿಲ್ಲ, ಬೈಯಲಿಲ್ಲ, ಥರ್ಮಾಸಿನ ಕಾಫಿಯನ್ನೂ ಮುಟ್ಟಲಿಲ್ಲ. ತಂಡದ ಕೆಂಪು ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು, ಪರೀಕ್ಷೆಯಲ್ಲಿ ಫೇಲಾದ ಮಗನ ಅಪ್ಪನ ಹಾಗೆ ಕುಳಿತಿದ್ದರು. ಕೊನೆಕೊನೆಗೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಗೆಲ್ಲಲಿ ಎಂದು ನಾನೇ ಆಂಜನೇಯನಿಗೆ ಮೊರೆಯಿಟ್ಟೆ! ಗೆದ್ದರು. ಇನ್ನೇನು ಮುಗಿಯಿತು ಎನ್ನುವಾಗ, ಬರೀ ಮೂರು ಅಂಕದಿಂದ.

ಭಾನುವಾರ ಬೆಳಗ್ಗೆ ಫ್ರ್ಯಾಂಕ್ ಬಾಗಿಲು ಬಡಿಯದೆಯೇ ನುಗ್ಗಿದ. "ಕರೆದರು, ಡಾಕ್! ಅವರು ನಮ್ಮನ್ನ ಕರೆದರು!" ಆರಡಿ ಎತ್ತರದ ಆಳು, ಅಳುತ್ತಿದ್ದ. ಭಾವ ಅವನನ್ನು ತಬ್ಬಿಕೊಂಡರು. ಅಕ್ಕ ಉಪ್ಪಿಟ್ಟಿನ ಸೌಟು ಹಿಡಿದುಕೊಂಡೇ ನಿಂತಿದ್ದಳು.

ಫ್ರ್ಯಾಂಕ್ ಹೋದ ಮೇಲೆ ಭಾವ ಮಹಡಿ ಹತ್ತಿ ಸೂಟ್‌ಕೇಸ್ ಇಳಿಸಿದರು. ಯಾವ ಊರಿಗೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅಕ್ಕ ಕೇಳಿದಳು. "ಮದುವೆಗೆ ಬರ್ತೀರಾ?"

"ಹಸೆ ಮೇಲೆ ಕೂರೋಕೆ ಇನ್ಯಾರಿದಾರೆ? ಫ್ರ್ಯಾಂಕ್‌ನ ಕಳಿಸ್ಲಾ?" ಎಂದು ರೇಗಿದರು. ಮುಂದಿನ ಹತ್ತು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ವಿಮಾನದಲ್ಲೂ ಮುಖ ಕಿಟಕಿಯ ಕಡೆಗೇ.

ಮದುವೆಯ ಬೆಳಗ್ಗೆ, ಎಣ್ಣೆ ನೀರು ಮುಗಿಸಿ ನಾನು ಛತ್ರದ ಹಿತ್ತಲಿಗೆ ಬಂದೆ. ಅಡುಗೆಯವರು ಯಾರನ್ನೋ ಗದರಿಸುತ್ತಿದ್ದರು. "ಶುಭಕಾರ್ಯದ ಮನೇಲಿ ಕೊಳೆತ ಕಾಯಿ ಒಡೀತಾರೇನ್ರೀ? ಬುದ್ಧಿ ಬೇಡ್ವಾ!" ಬಟ್ಟೆ ಒಗೆಯುವ ಕಲ್ಲಿನ ಮುಂದೆ ಭಾವ ನಿಂತಿದ್ದರು. ಜರಿಪಂಚೆ, ಶಲ್ಯ, ತಲೆಯ ಮೇಲೆ ಕೆಂಪು ಟೋಪಿ. ಕಲ್ಲಿನ ಮೇಲೆ ಎರಡು ಕಪ್ಪು ಹೋಳು. ಆ ನಾತವನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ.

"ಭಾವ... ಇದು ನನ್ನ ಟ್ರಂಕಲ್ಲಿ..."

"ಮೂವತ್ತು ಥರದ ಪೇಂಟು ಮೂಸಿ ಹೇಳೋ ಮೂಗು ಇದು. ಬೇಸ್‌ಮೆಂಟ್ ವಾಸನೆ ಗೊತ್ತಾಗಲ್ವೇನೋ, ಕಳ್ಳ?" ಎಂದರು. "ಸೂಟ್‌ಕೇಸಲ್ಲಿ ನಾಲ್ಕು ಟವೆಲ್ ಸುತ್ತಿ ತಂದಿದೀನಿ. ನಿನ್ನ ಮೇಲೆ ಎಷ್ಟು ಜನರ ಕಣ್ಣಿದ್ಯೋ ಏನೋ. ಹೋಗು, ಬಾಸಿಂಗ ಕಟ್ಟಿಸ್ಕೋ."

ಪಂದ್ಯ ಏನಾಯಿತೆಂದು ಮೈಸೂರಿನಲ್ಲಿ ಹೇಳುವವರು ಯಾರಿದ್ದರು? ಎರಡು ವಾರದ ಮೇಲೆ ಫ್ರ್ಯಾಂಕ್‌ನ ಕಾಗದ ಬಂತು. ಭಾವ ಜಗಲಿಯ ಮೇಲೆ ಕುಳಿತು ಎರಡು ಸಲ ಓದಿ, ಮಡಿಸಿ ಜೇಬಿನಲ್ಲಿಟ್ಟುಕೊಂಡರು.

"ಏನಾಯ್ತಂತೆ ಭಾವ?"

"ಸೋತರಂತೆ."

ಭಾವನೇ ಸಮಾಧಾನ ಹೇಳುವಂತೆ ನನ್ನ ಭುಜ ತಟ್ಟಿದರು.

"ಸೋಲದೆ ಇನ್ನೇನ್ ಮಾಡ್ತಾರೋ, ಪಾಪ, ಹುಡುಗರು? ಕಾಯಿ ಇಲ್ಲಿ ಒಡೆದೆನಲ್ಲ."