ಮಾಮಾ ಕಲ್ಲಿಗೆ ಅರಿಶಿನ ಹಚ್ಚಿಸಿದ್ದು

ನಮ್ಮ ಸೋದರಮಾವ ಜೀವಮಾನದಲ್ಲಿ ಯಾರ ಮುಖವನ್ನೂ ಸರಿಯಾಗಿ ನೋಡಿದವರಲ್ಲ. ಅವರ ಕಣ್ಣು ಮನುಷ್ಯರ ಮೊಣಕಾಲಿನಿಂದ ಮೇಲೆ ಏರುವುದೇ ಇಲ್ಲ. ಇದನ್ನು ವಿನಯ ಎಂದು ತಿಳಿದವರು ಬಹಳ ಜನ. ಮೊಣಕಾಲಿನ ಕೆಳಗೆ ಹೊಸ್ತಿಲಿರುತ್ತದೆ, ಮೆಟ್ಟಿಲಿರುತ್ತದೆ, ಬಟ್ಟೆ ಒಗೆಯುವ ಬಂಡೆ ಇರುತ್ತದೆ. ಇವುಗಳಲ್ಲಿ ಯಾವುದರ ಮೇಲಾದರೂ ಹಳಗಾಲದ ಅಕ್ಷರ ಇರಬಹುದಲ್ಲ! ಅವರು ಹುಡುಕುವುದು ಅದನ್ನು.

ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ವರದಿ ತಿದ್ದುವುದು ನನ್ನ ಕೆಲಸ. ಹಾಗಾಗಿ ಕಂಡದ್ದನ್ನು ಕಂಡದ್ದು ಎಂದೂ ಕೇಳಿದ್ದನ್ನು ಕೇಳಿದ್ದು ಎಂದೂ ಹೇಳಿಬಿಡುತ್ತೇನೆ. ಮಾಮಾ ಹೆಣ್ಣು ನೋಡಲು ಹೋದದ್ದು ಕೇಳಿದ್ದು. ಹೇಳಿದವರು ಅತ್ತೆ, ಅಂದರೆ ನೋಡಿಸಿಕೊಂಡವರೇ.

"ನಾ ಬಂದು ಉಪ್ಪಿಟ್ಟಿನ ತಾಟ ಇಟ್ಟೆ. ಇವರು ಹೊಸ್ತಿಲಾ ನೋಡಾಕತ್ತಿದ್ರು. ಹುಡುಗ ಭಾಳ ಸಂಭಾವಿತ ಅದಾನ ಅಂತ ನಮ್ಮಪ್ಪ ಅಲ್ಲೇ ಒಪ್ಪಿಬಿಟ್ರು. ನನ್ನ ಮಾರಿ ಹೆಂಗೈತಿ ಅಂತ ಇವರಿಗೆ ಗೊತ್ತಾಗಿದ್ದು ಮದುವಿ ಫೋಟೋ ಬಂದ ಮ್ಯಾಲ."

"ಸುಳ್ಳ ಹೇಳಬ್ಯಾಡ," ಎನ್ನುತ್ತಾರೆ ಮಾಮಾ. "ಆ ಹೊಸ್ತಿಲು ಹಳೇ ಗುಡಿಯಿಂದ ತಂದಿದ್ದಿತ್ತು."

ಮಾಮಾ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಈಗ ನಿವೃತ್ತರು, ಮನೆ ಮಲ್ಕಾಜ್‌ಗಿರಿಯಲ್ಲಿ. ಇಲಾಖೆ ಕೊಟ್ಟ ಪಾಸಿನಲ್ಲಿ ಉಳಿದ ನಿವೃತ್ತರು ಕಾಶಿಗೆ ಹೋಗುತ್ತಾರೆ. ಇವರು ಭಾನುವಾರ ಬಂತೆಂದರೆ ತಾಂಡೂರಿನ ಗಾಡಿ ಹತ್ತುತ್ತಾರೆ. ಆ ಸೀಮೆಯ ಹಳ್ಳಿಗಳಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಮಣ್ಣಿನಲ್ಲಿ ಹೂತ ಕಲ್ಲುಗಳ ಮೇಲೆ ಮಾತ್ರ ಪೂರಾ ಕನ್ನಡ. ಊರುಗಳ ಬದುಕೇ ಕಲ್ಲು ಕಡಿದು ಮಾರುವುದು. ಅಂಥಲ್ಲಿಗೆ ಹೋಗಿ "ಈ ಒಂದು ಕಲ್ಲು ಮುಟ್ಟಬ್ಯಾಡ್ರಪಾ" ಎಂದು ಕೈಮುಗಿಯುವ ಮನುಷ್ಯನನ್ನು ಜನ ಏನೆಂದು ತಿಳಿಯಬೇಕು? ಅವರು 'ಕಲ್ಲಸಾರು' ಎಂದು ಹೆಸರಿಟ್ಟು ಚಹಾ ಕೊಟ್ಟರು.

ಕಲ್ಲು ಓದುವುದಕ್ಕೆ ಮಾಮಾನ ಬಳಿ ಇರುವ ಸಲಕರಣೆ ಒಂದೇ, ಜೋಳದ ಹಿಟ್ಟು. ಸವೆದ ಕಲ್ಲಿನ ಮೇಲೆ ಹಿಟ್ಟು ಸವರಿದರೆ ತಗ್ಗಿನಲ್ಲಿ ಬಿಳುಪು ಕೂತು ಅಕ್ಷರ ಎದ್ದು ಕಾಣುತ್ತದೆ. ಅತ್ತೆಯ ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಿ ಒಂದೇ ಜಾಗದಲ್ಲಿ ಇರುವುದನ್ನು ನಾನು ನೋಡಿಲ್ಲ. ಒಮ್ಮೆ ಅದು ಬಟ್ಟೆಯ ಕಪಾಟಿನಲ್ಲಿತ್ತು. ಬರಿಗೈಲಿ ಹೋದ ಮಾಮಾ ಯಾವುದೋ ಹಳ್ಳಿಯಲ್ಲಿ ಹಿಟ್ಟು ಬೇಡಿದರಂತೆ. ಆ ಮನೆಯಾಕೆ, ಹಸಿದು ಬಂದಿದ್ದಾರೆಂದುಕೊಂಡು ಎರಡು ರೊಟ್ಟಿ ಬಡಿದು ಕೊಟ್ಟಳು. ಶಾಸನ ಓದದೆ, ಹೊಟ್ಟೆ ತುಂಬಿ ಮನೆಗೆ ಬಂದರು.

ಮಾಮಾನ ಇನ್ನೊಂದು ಕೆಲಸ ಶಾಲೆಗಳಲ್ಲಿ ಊರಿನ ಚರಿತ್ರೆ ಹೇಳುವುದು. "ಚಾರ್‌ಮಿನಾರ್ ಹುಟ್ಟೂಕಿಂತ ಮೊದಲ ನಿಮ್ಮೂರು ಇತ್ತು" ಎಂದು ಒಂದು ಶಾಲೆಯಲ್ಲಿ ಹೇಳಿ ಬಂದರು. ಮಾತು ಊರಿಗೆ ಹಿಡಿಸಿತು. ಮುಂದಿನ ಸಲ ನಾನೂ ಜೊತೆಗೆ ಹೋಗಿದ್ದೆ. ಬಸ್ ನಿಲ್ದಾಣದಲ್ಲಿ ದೊಡ್ಡ ಫ್ಲೆಕ್ಸು. ಮೇಲೆ 'ಚಾರ್‌ಮಿನಾರಿಗೆ ಅಣ್ಣ ನಮ್ಮೂರು' ಎಂಬ ತೆಲುಗು ಘೋಷಣೆ, ಕೆಳಗೆ ತಂಪು ಕನ್ನಡಕ ಹಾಕಿದ ಊರ ತರುಣರೆಲ್ಲರ ಭಾವಚಿತ್ರ. ಈ ಮಾತಿಗೆ ಆಧಾರವಾದ ಶಾಸನದ ಕಲ್ಲು ಎಲ್ಲಿ ಎಂದು ಹುಡುಕಿದೆವು. ಮೂಲೆಯಲ್ಲಿ ಅಂಚೆಚೀಟಿಯಷ್ಟಿತ್ತು.

ಇದಾದರೂ ನಗುವ ಮಾತು. ಪಕ್ಕದ ಊರಿನಲ್ಲಿ ಆದದ್ದಕ್ಕೆ ಮಾಮಾ ಎರಡು ದಿನ ಊಟ ಬಿಟ್ಟರು. ಅಲ್ಲಿ ಕೆರೆದಂಡೆಯ ಒಂದು ಶಾಸನವನ್ನು ಅರ್ಧ ಓದಿ, "ಇದು ಭಾಳ ದೊಡ್ಡ ಕಲ್ಲು, ಜ್ವಾಕಿ ಮಾಡ್ರಿ" ಎಂದು ಹೇಳಿ ಬಂದಿದ್ದರು. ಊರವರು ಜೋಪಾನ ಮಾಡಿದರು. ಕಲ್ಲಿಗೆ ಬೆಳ್ಳಿಬಣ್ಣ ಬಳಿದರು, ಹಿತ್ತಾಳೆಯ ಕಣ್ಣು ಅಂಟಿಸಿದರು, ಸುತ್ತ ಟೈಲ್ಸಿನ ಗುಡಿ ಕಟ್ಟಿದರು. ಅಕ್ಷರವೆಲ್ಲ ಬಣ್ಣದ ಕೆಳಗೆ ಹೋಯಿತು. ಮಾಮಾ ತಲೆ ಮೇಲೆ ಕೈಹೊತ್ತು ಕೂತರು.

"ಹಿಂಗ್ಯಾಕ ಮಾಡಿದ್ರೋ?"

"ನೀವಾ ಹೇಳಿದ್ರಲ್ರಿ ಸಾರು, ದೊಡ್ಡದು ಅಂತ. ದೊಡ್ಡವರನ್ನ ಬಿಸಲಾಗ ಬಿಡಾಕ ಬರ್ತೈತೇನ್ರಿ?"

ಅಂದಿನಿಂದ ಮಾಮಾನ ಭಾಷಣಕ್ಕೆ ಒಂದೇ ವಿಷಯ: ಕಲ್ಲಿಗೆ ಅರಿಶಿನ ಹಚ್ಚಬೇಡಿ, ಎಣ್ಣೆ ಎರೆಯಬೇಡಿ, ಬಣ್ಣ ಬಳಿಯಬೇಡಿ, ಒಮ್ಮೆ ದೇವರಾದರೆ ಮತ್ತೆ ಓದಲು ಬರುವುದಿಲ್ಲ. ಹಳ್ಳಿಹಳ್ಳಿಗೆ ಹೋಗಿ ಹೇಳಿದರು. ಸ್ವಂತ ಮನೆಯ ಹೊಸ್ತಿಲಿಗೆ ಅರಿಶಿನ ಹಚ್ಚುತ್ತಿದ್ದ ಅತ್ತೆಗೂ ಹೇಳಿದರು.

"ಇದರ ಮ್ಯಾಲ ನಿಮ್ಮ ರಾಜಾ ಏನೂ ಬರದಿಲ್ಲ," ಎಂದರು ಅತ್ತೆ. "ಫರ್ಷಿಕಲ್ಲಿನ ಅಂಗಡ್ಯಾಂವ ಕೊಟ್ಟಿದ್ದು."

ಇನ್ನು ಆ ಒಂದು ಕಲ್ಲಿನ ವಿಷಯ. ತಾಂಡೂರಿನಾಚೆ ಒಂದು ಸಣ್ಣ ಊರು. ಊರು ಹೊಗುವ ತಿರುವಿನಲ್ಲಿ, ಜಾಲಿಕಂಟಿಯ ಮರೆಯಲ್ಲಿ ಒಂದು ವೀರಗಲ್ಲು. ದನ ಬಿಡಿಸಿಕೊಳ್ಳಲು ಹೋಗಿ ಸತ್ತ ಒಬ್ಬನ ಕಲ್ಲು ಅದು. ಅವನ ಹೆಸರೂ ಸತ್ತ ಬಗೆಯೂ ಮೇಲಿನ ಸಾಲುಗಳಲ್ಲಿದ್ದವು. ಕಲ್ಲು ನಿಲ್ಲಿಸಿದವರು ಯಾರು ಎಂಬ ಕೊನೆಯ ಸಾಲು ನೆಲದೊಳಗೆ ಹೂತಿತ್ತು. ಮಾಮಾನ ಜೀವ ಆ ಸಾಲಿನಲ್ಲಿ ಸಿಕ್ಕಿಕೊಂಡಿತು.

"ಸತ್ತಾಂವ ಯಾರು ಅಂತ ಗೊತ್ತಾತು," ಎನ್ನುತ್ತಿದ್ದರು. "ಅಂವ ಸತ್ತಾಗ ಅತ್ತಾವ್ರು ಯಾರು ಅಂತ ಗೊತ್ತಾಗಬೇಕಲ್ಲೋ."

ಅಗೆದು ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮೊದಲ ಸಲ ಹೋದಾಗಲೇ ಮಾಮಾ ಖುರಪಿ ಹಿಡಿದು ಅದನ್ನೇ ಮಾಡಲು ಕೂತಿದ್ದರು. ದನ ಕಾಯುವವನೊಬ್ಬ ದೂರದಿಂದ ಕಂಡದ್ದಿಷ್ಟು: ಯಾರೋ ಪರವೂರಿನವರು, ಕಲ್ಲಿನ ಮೇಲೆ ಬಿಳಿ ಹಿಟ್ಟು, ಪಕ್ಕದಲ್ಲಿ ಶರಬತ್ತಿಗೆಂದು ತಂದ ನಿಂಬೆಹಣ್ಣು, ಕೈಯಲ್ಲಿ ಖುರಪಿ. ಮಾಟ ಮಾಡಿ ನಿಧಿ ಎತ್ತುವವರಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು? 'ಭಾನಾಮತಿ' ಎಂಬ ಕೂಗೆದ್ದು ಊರೇ ಓಡಿಬಂತು. ಮಾಮಾನನ್ನು ಬೇವಿನ ಮರದ ಕೆಳಗೆ ಕೂರಿಸಿ, ಸರಪಂಚ ಅವರ ಮನೆಗೇ ಫೋನ್ ಹಚ್ಚಿದ.

"ಅಮ್ಮಾರ, ನಿಮ್ಮ ಯಜಮಾನ್ರು ಇಲ್ಲಿ ಕಲ್ಲಿಗೆ ಹಿಟ್ಟು ಹಚ್ಚಾಕತ್ತಾರ್ರಿ."

"ಯಾವ ಹಿಟ್ಟು? ಬಿಳಿಜೋಳದ್ದೇನ್ರಿ?"

"ಹೌದ್ರಿ."

"ಹಂಗಾರ ಅಲ್ಲೇ ಇಟಗೋರಿ. ಸಂಜೀತನಾ ಬಿಡಬ್ಯಾಡ್ರಿ."

ಮಾಟಗಾರನ ಹೆಂಡತಿ ಹೀಗೆ ಮಾತಾಡುವುದಿಲ್ಲ ಎಂದು ಸರಪಂಚನಿಗೆ ಖಾತ್ರಿಯಾಯಿತು. ಬಿಟ್ಟು ಕಳಿಸಿದ. ಬರಬಹುದು, ಓದಬಹುದು, ನೆಲ ಮಾತ್ರ ಅಗೆಯಬಾರದು ಎಂಬ ಕರಾರಿನ ಮೇಲೆ. ಮಾಮಾ ಮಾತಿಗೆ ತಪ್ಪುವವರಲ್ಲ. ವರ್ಷಗಟ್ಟಲೆ ಹೋಗಿ ಕಲ್ಲಿನ ಮುಂದೆ ಕೂತು ಬಂದರು.

ಈ ವರ್ಷ ಅದೇ ಸರಪಂಚನ ಫೋನ್ ಬಂತು. ರಸ್ತೆ ಅಗಲ ಮಾಡುತ್ತಿದ್ದಾರೆ, ನಾಳೆ ತಿರುವಿಗೆ ಬರುತ್ತಾರೆ. ದೇವರಿದ್ದರೆ ರಸ್ತೆ ಸ್ವಲ್ಪ ಸರಿಸುತ್ತಾರಂತೆ. ಬರೀ ಕಲ್ಲಾದರೆ ಒಡೆದು ಬುನಾದಿಗೆ ಹಾಕುತ್ತಾರಂತೆ.

"ನಿಮ್ಮೂರ ಹೆಂಗಸರು ಒಂದು ಪೂಜಿ ಮಾಡಿದ್ರ ಆಗಂಗಿಲ್ಲೇನು?" ಎಂದು ಮಾಮಾ ಕೇಳಿದರು. ಅವರ ಬಾಯಲ್ಲಿ ಈ ಮಾತು ಬಂದದ್ದನ್ನು ನಾನೇ ಕೇಳಿದ್ದೇನೆ.

"ನೀವು ಹಿಟ್ಟು ಹಚ್ಚಿದಾಗಿಂದ ಒಬ್ಬಾಕಿನೂ ಆ ಕಲ್ಲಿನ ಕಡೆ ಹಾಯಂಗಿಲ್ರಿ ಸಾರು. ನಿಮ್ಮ ಮನಿಯವರನ್ನ ಕರಕೊಂಡ ಬರ್ರಿ."

ಮಾಮಾ ಫೋನ್ ಇಟ್ಟು ಅಡುಗೆಮನೆಯ ಕಡೆ ನೋಡಿದರು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅರಿಶಿನ, ಕುಂಕುಮ, ತೆಂಗಿನಕಾಯಿ ಚೀಲಕ್ಕೆ ಹಾಕಿದರು. "ಕುಬಸದ ಕಣ ಒಂದು ಇರ್ಲಿ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ರವಿಕೆ ಬಟ್ಟೆಯೊಂದನ್ನೂ ಸೇರಿಸಿದರು. ಮರುದಿನ ನಾನು ರಜೆ ಹಾಕಿ ಇಬ್ಬರ ಜೊತೆ ಹೋದೆ.

ನಾವು ಮುಟ್ಟಿದಾಗ ಜೆಸಿಬಿ ತಿರುವಿನಲ್ಲಿತ್ತು. ಜಾಲಿಕಂಟಿ ಹೋಗಿತ್ತು. ಕಲ್ಲಿನ ಬುಡದವರೆಗೂ ಮಣ್ಣು ಕೆರೆದಿದ್ದರು. ಕೆಲಸದ ಮೇಸ್ತ್ರಿ ಇದು ದೇವರೇ ಎಂದು ತೆಲುಗಿನಲ್ಲಿ ವಿಚಾರಿಸಿದ. ಹಳೇ ದೇವರು ಎಂದ ಸರಪಂಚ. ನಿನ್ನೆ ನೋಡಿದಾಗ ಅರಿಶಿನ ಇರಲಿಲ್ಲವಲ್ಲ ಎಂದ ಮೇಸ್ತ್ರಿ.

"ನಿನ್ನೆ ನಾವು ಬಂದಿರಲಿಲ್ಲ," ಎಂದರು ಅತ್ತೆ, ಅಚ್ಚ ಮಲ್ಕಾಜ್‌ಗಿರಿಯ ತೆಲುಗಿನಲ್ಲಿ. ಅರಿಶಿನ ಬಿದ್ದರೆ ರಸ್ತೆ ಸರಿಸುವುದಾಗಿಯೂ ಪೂಜೆ ಮುಗಿಯುವ ತನಕ ಕಾಯುವುದಾಗಿಯೂ ಅವನು ಒಪ್ಪಿದ. ಯಂತ್ರ ಗುರುಗುಡುತ್ತಲೇ ನಿಂತಿತು.

ಅರಿಶಿನ ಕಲಸಿಕೊಂಡ ಅತ್ತೆ ಗಂಡನ ಕಡೆ ತಿರುಗಿದರು. ಮಾಮಾ ಅಲ್ಲಿರಲಿಲ್ಲ. ಕಲ್ಲಿನ ಬುಡದಲ್ಲಿ ಬೋರಲಾಗಿ ಮಲಗಿದ್ದರು. ಮಣ್ಣು ಸರಿದ ಜಾಗದಲ್ಲಿ ಕೊನೆಯ ಸಾಲು ತೆರೆದುಕೊಂಡಿತ್ತು. ಅಂಗಿಯ ತುದಿಯಿಂದ ಒಂದೊಂದೇ ಅಕ್ಷರ ಒರೆಸುತ್ತಿದ್ದರು. ಅರಿಶಿನ ಹಚ್ಚಿದರೆ ಮುಗಿಯಿತು. ನಾಳೆ ಬಣ್ಣ, ನಾಡಿದ್ದು ಗುಡಿ. ಹಚ್ಚದಿದ್ದರೆ ಕಲ್ಲೇ ಇಲ್ಲ.

ಅತ್ತೆ ಕಲ್ಲಿನ ನೆತ್ತಿಯಿಂದ ಶುರು ಮಾಡಿದರು, ಬಹಳ ನಿಧಾನವಾಗಿ, ಬೆರಳ ತುದಿಯಿಂದ. ಜೊತೆಗೆ ಹಾಡು. ಮಂಗಳಾರತಿಯ ಹಾಡಾಯಿತು, ಶುಕ್ರವಾರದ ಹಾಡಾಯಿತು. ಮೇಸ್ತ್ರಿ ಗಡಿಯಾರ ನೋಡಿದಾಗಲೆಲ್ಲ ಅತ್ತೆ ಕಣ್ಣುಮುಚ್ಚಿ ಇನ್ನೊಂದು ಹಾಡು ಎತ್ತಿಕೊಳ್ಳುತ್ತಿದ್ದರು. ಎರಡು ಹಾಡಿನ ನಡುವೆ ಬಗ್ಗಿ ಪಿಸುಗುಟ್ಟಿದ್ದು ನನಗೆ ಕೇಳಿಸಿತು.

"ಲಗೂ ಓದ್ರಿ. ನನಗ ಬರೂ ದೇವರ ಹಾಡು ಮುಗ್ಯಾಕ ಬಂದಾವು."

"ಇನ್ನೊಂದೀಟು. ಹೆಸರು ಹತ್ತವಲ್ದು."

ಅತ್ತೆ ಬೀಗರನ್ನು ಬೈಯುವ ಮದುವೆಯ ಹಾಡನ್ನು ಅತಿ ಭಕ್ತಿಯಿಂದ ಹಾಡಿದರು. ಮೇಸ್ತ್ರಿ ಕೈಮುಗಿದ. ಅದೂ ಮುಗಿದ ಮೇಲೆ, ಬೇರೇನೂ ಉಳಿಯದೆ, ಜೋಗುಳ ಹಿಡಿದರು. ಮೇಸ್ತ್ರಿಗೆ ಕನ್ನಡ ಬಾರದು. ಜೆಸಿಬಿಯ ಡ್ರೈವರ್ ಸೇಡಂ ಕಡೆಯ ಕನ್ನಡಿಗ. ಅವನಿಗೆ ಗೊತ್ತಾಯಿತು. ಒಮ್ಮೆ ಅತ್ತೆಯನ್ನು, ಒಮ್ಮೆ ನೆಲದ ಮೇಲಿದ್ದ ಮಾಮಾನನ್ನು ನೋಡಿದ. ಎಂಜಿನ್ ಬಂದ್ ಮಾಡಿದ. ತಿರುವಿನಲ್ಲಿ ಆ ದನಿಯೊಂದೇ ಉಳಿಯಿತು.

ಕೊನೆಯ ಸಾಲಿನಲ್ಲಿದ್ದದ್ದು ದೊಡ್ಡ ಸಂಗತಿಯೇನಲ್ಲ. ಕಲ್ಲು ನಿಲ್ಲಿಸಿದವರು ಸತ್ತವನ ಇಬ್ಬರು ತಮ್ಮಂದಿರು. ಒಬ್ಬನ ಹೆಸರು ಪೂರ್ತಿ ಇತ್ತು, ಇನ್ನೊಬ್ಬನದು ಅರ್ಧ ಒಡೆದಿತ್ತು. ಮಾಮಾ ಅದನ್ನು ನನಗೆ ಮೆಲ್ಲಗೆ ಓದಿ ಹೇಳಿದರು, ಬರೆದುಕೊಂಡ ಪೆನ್ಸಿಲ್ಲನ್ನು ಜೇಬಿಗಿಟ್ಟು ಎದ್ದು ಕೂತರು. ಅತ್ತೆಯ ಕಣ್ಣು ಮುಚ್ಚಿಯೇ ಇತ್ತು, ಜೋಗುಳ ನಡೆದೇ ಇತ್ತು, ಬಿಸಿಲು ನೆತ್ತಿಗೇರಿತ್ತು.

"ಮಾಮಾ, ಓದೂದು ಮುಗೀತಲ್ಲ. ಅತ್ತೀಗೆ ಹೇಳ್ಲೇನು?" ಎಂದೆ.

ಅವರು ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು.

"ಸುಮ್ನಿರಪಾ," ಎಂದರು. "ನಮ್ಮ ಹುಡುಗೂರು ಸಣ್ಣವಿದ್ದಾಗ ನಾ ಗೂಡ್ಸ್ ಗಾಡಿ ಮ್ಯಾಲಿದ್ದೆ. ಇದನ್ನ ಕೇಳೇ ಇಲ್ಲ."